ಮಾರಿಯೋಗೆ ಮೀಸೆ ಬಂದಿದ್ದು ಹೀಗೆ
ವಿಡಿಯೋ ಗೇಮ್‌ನ ಮಾರಿಯೋಗೆ ಮೊದಲಿಂದಲೂ ಇದೇ ಹೆಸರಿತ್ತಾ, ಆ ಮೀಸೆ ಯಾಕೆ ಅಂತ ಕೇಳಿದ್ದೀರಿ. ಇರಲಿಲ್ಲ ರೀ. 1981ರ ಡಾಂಕಿ ಕಾಂಗ್ ಅನ್ನೋ ಗೇಮ್‌ನಲ್ಲಿ ಅವನನ್ನು ಜಂಪ್‌ಮ್ಯಾನ್ ಅಂತಿದ್ದರು, ಕೆಲಸ ಬಡಗಿ. ಪ್ಲಂಬರ್ ಆಗಿದ್ದು 1983ರಲ್ಲಿ.

ಮೀಸೆಯ ಕಥೆ ನನಗೆ ಬಹಳ ಇಷ್ಟ. ಆಗ ಪರದೆ ಮೇಲೆ ಗೊಂಬೆ ಬಿಡಿಸಲು ಸಿಗುತ್ತಿದ್ದದ್ದು ಕೆಲವೇ ಚುಕ್ಕಿ (ಪಿಕ್ಸೆಲ್). ಬಾಯಿಗೆ ಜಾಗ ಎಲ್ಲಿ? ಹಾಗಾಗಿ ಮಾರಿಯೋನನ್ನು ರೂಪಿಸಿದ ಶಿಗೆರು ಮಿಯಾಮೊಟೊ ದೊಡ್ಡ ಮೂಗು ಇಟ್ಟು ಕೆಳಗೆ ಮೀಸೆ ಬಿಡಿಸಿದರು. ಕೂದಲಿನ ತಾಪತ್ರಯ ಬೇಡ ಅಂತ ಟೋಪಿ. ಕೈ ಬೀಸಿದ್ದು ಎದ್ದು ಕಾಣಲಿ ಅಂತ ಅಂಗಿಗೊಂದು ಬಣ್ಣ, ಡಂಗ್ರಿಗೊಂದು ಬಣ್ಣ.

ಬಾಗಲಕೋಟೆಯಲ್ಲಿ ನಾವು ಟಿವಿಗೆ ಕ್ಯಾಸೆಟ್ ಹಾಕಿ ಆಡುತ್ತಿದ್ದದ್ದು 1985ರ ಸೂಪರ್ ಮಾರಿಯೋ ಬ್ರದರ್ಸ್. ಅದರಲ್ಲಿ ಮೋಡ, ಪೊದೆ ಎರಡನ್ನೂ ಸರಿಯಾಗಿ ನೋಡಿ. ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಕ್ಯಾಸೆಟ್‌ನಲ್ಲಿ ಜಾಗ ಅಷ್ಟು ಕಮ್ಮಿ ಇತ್ತು!