ರೋಮ್‌ನಲ್ಲಿ ಒಂದೇ ದಿನ ಇದ್ದರೆ ಗೈಡೆಡ್ ಟೂರ್ ತಗೊಳ್ಳಬೇಕಾ?

ನಿಮ್ಮ ಪ್ರಶ್ನೆ ಇಷ್ಟು ತಾನೆ: ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದೀರಿ, ರೋಮ್‌ಗೆ ಸಿಗುವುದು ಪೂರ್ತಿ ಒಂದೇ ದಿನ. ಕೊಲೊಸಿಯಂ (ಹಳೇ ರೋಮನ್ನರ ದೊಡ್ಡ ಕ್ರೀಡಾಂಗಣ), ವ್ಯಾಟಿಕನ್ ಎರಡನ್ನೂ ಒಂದೇ ದಿನದಲ್ಲಿ ತೋರಿಸುವ ಟೂರ್ ಬುಕ್ ಮಾಡಬಹುದಾ?

ಬೇಡ. ಬೆಳಿಗ್ಗೆ ಅರ್ಧ ದಿನಕ್ಕೆ ಮಾತ್ರ ಗೈಡ್ ತಗೊಳ್ಳಿ, ಅದೂ ಕೊಲೊಸಿಯಂ ಮತ್ತು ಅದರ ಪಕ್ಕದ ಫೋರಂಗೆ, ಅಂದರೆ ಹಳೇ ರೋಮ್‌ನ ಮುಖ್ಯ ಚೌಕದ ಅವಶೇಷಗಳಿಗೆ. ಉಳಿದದ್ದನ್ನು ನೀವೇ ನಿಧಾನಕ್ಕೆ ನಡೆದುಕೊಂಡು ನೋಡಿ. ನಾನು ನಮ್ಮಮ್ಮನ ಜೊತೆ ನೀವು ಕೇಳುತ್ತಿರುವಂಥದ್ದೇ ಟೂರ್ ಮಾಡಿದವನು. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನಮ್ಮ ಟೂರ್ ಬೆಳಿಗ್ಗೆ ವ್ಯಾಟಿಕನ್ ಮ್ಯೂಸಿಯಂನಿಂದ ಶುರುವಾಯಿತು. ಗುಂಪಿನಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ. ಎಲ್ಲರ ಕುತ್ತಿಗೆಗೂ ಒಂದು ಪುಟ್ಟ ರೇಡಿಯೋ, ಕಿವಿಗೆ ಇಯರ್‌ಫೋನ್. ಗೈಡ್ ಕೈಯಲ್ಲಿ ಒಂದು ಹಳದಿ ಕೊಡೆ. ಅದು ಕಣ್ಣಿಗೆ ಬೀಳದಿದ್ದರೆ ನಾವು ಕಳೆದುಹೋದ ಹಾಗೆ. ‘ಮ್ಯೂಸಿಯಂಗಿಂತ ಆ ಕೊಡೆ ನೋಡಿದ್ದೇ ಜಾಸ್ತಿ’ ಅಂತ ಅಮ್ಮ ಈಗಲೂ ಹೇಳುತ್ತಾರೆ.

ಒಂದು ವಿಷಯ ನಮಗೆ ಮೊದಲೇ ಗೊತ್ತಿರಲಿಲ್ಲ. ಮ್ಯೂಸಿಯಂನಲ್ಲಿ ಎಲ್ಲರೂ ನೋಡಬೇಕೆಂದು ಬರುವ ಸಿಸ್ಟೀನ್ ಚಾಪೆಲ್ (ಪೋಪ್‌ರ ಪ್ರಾರ್ಥನಾ ಮಂದಿರ) ಒಳಗೆ ಗೈಡ್ ಮಾತಾಡುವ ಹಾಗಿಲ್ಲ. ಫೋಟೋ ತೆಗೆಯುವ ಹಾಗೂ ಇಲ್ಲ. ಹಾಗಾಗಿ ಗೈಡ್‌ಗಳು ಹೊರಗಿನ ಅಂಗಳದಲ್ಲೇ ದೊಡ್ಡ ಚಿತ್ರಫಲಕಗಳ ಮುಂದೆ ನಿಲ್ಲಿಸಿ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಕಲಾವಿದ ಮೈಕೆಲ್ಯಾಂಜೆಲೊ 1508ರಿಂದ 1512ರವರೆಗೆ ಚಾವಣಿಯ ಚಿತ್ರಗಳನ್ನು ಬರೆದದ್ದು, ಎಷ್ಟೋ ವರ್ಷದ ಮೇಲೆ ಮತ್ತೆ ಬಂದು 1536ರಿಂದ 1541ರವರೆಗೆ ಬಲಿಪೀಠದ ಹಿಂದಿನ ಗೋಡೆಯ ‘ಕೊನೆಯ ತೀರ್ಪು’ ಬರೆದದ್ದು, ಯಾವ ಮೂಲೆಯಲ್ಲಿ ಯಾರಿದ್ದಾರೆ ಅನ್ನುವುದು, ಎಲ್ಲ. ಬಿಸಿಲಲ್ಲಿ ನಿಂತು ಅರ್ಧ ಗಂಟೆ ಕೇಳಿದೆವು. ಚಾಪೆಲ್ ಇರುವುದು ಉದ್ದುದ್ದ ಪಡಸಾಲೆಗಳನ್ನು ದಾಟಿದ ಮೇಲೆ, ದಾರಿಯ ತುದಿಯಲ್ಲಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೇಳಿದ್ದರಲ್ಲಿ ಮುಕ್ಕಾಲು ಪಾಲು ಮರೆತಿತ್ತು. ಆ ಅರ್ಧ ಗಂಟೆಯ ಪಾಠವನ್ನು ಹೊರಡುವ ಮುಂಚೆ ಮನೆಯಲ್ಲಿ ಕೂತು ಓದಿಕೊಂಡಿದ್ದರೆ ಆಗುತ್ತಿತ್ತು ಅಲ್ವಾ?

ಮಧ್ಯಾಹ್ನ ಕೊಲೊಸಿಯಂಗೆ ಬಂದೆವು. ಅಷ್ಟೊತ್ತಿಗೆ ಅಮ್ಮನ ಕಾಲು ಸೋತಿತ್ತು. ‘ಹೊರಗಿಂದ ನೋಡಿದೆನಲ್ಲ, ಸಾಕು’ ಅಂದರು. ತಮಾಷೆ ಅಂದರೆ, ಇಡೀ ದಿನದಲ್ಲಿ ಗೈಡ್‌ಗೆ ಕೊಟ್ಟ ದುಡ್ಡು ಸಾರ್ಥಕವಾದದ್ದು ಅಲ್ಲಿಂದ ಮುಂದೆಯೇ. ಗೈಡೂ ಬದಲಾಗಿದ್ದರು. ವಯಸ್ಸಾದ ಹೆಂಗಸು, ಅವಸರವೇ ಇಲ್ಲ.

ಅವರು ಮೊದಲು ತೋರಿಸಿದ್ದು ಗೋಡೆಯಲ್ಲಿರುವ ತೂತುಗಳನ್ನು. ಕೊಲೊಸಿಯಂನ ಕಲ್ಲುಗಳ ತುಂಬ ಸಿಡುಬಿನ ಕಲೆಯಂಥ ಗುಳಿಗಳಿವೆ. ಯುದ್ಧದ್ದೋ ಏನೋ ಅಂದುಕೊಂಡಿದ್ದೆ. ಅಲ್ಲವಂತೆ. ಕಲ್ಲಿಗೆ ಕಲ್ಲು ಹಿಡಿದು ನಿಲ್ಲಲಿ ಅಂತ ಒಳಗೆ ಕಬ್ಬಿಣದ ಕೊಂಡಿಗಳನ್ನು ಹಾಕಿದ್ದರು. ಮಧ್ಯಯುಗದಲ್ಲಿ ಜನ ಆ ಕಬ್ಬಿಣಕ್ಕಾಗಿ ಗೋಡೆಯನ್ನು ಕೊರೆದು ಕೊಂಡಿಗಳನ್ನು ಕಿತ್ತುಕೊಂಡು ಹೋದರು. ಆಮೇಲೆ ಕಮಾನುಗಳ ಮೇಲೆ ಇನ್ನೂ ಉಳಿದಿರುವ ರೋಮನ್ ಅಂಕಿಗಳನ್ನು ತೋರಿಸಿದರು. ಅವು ಗೇಟ್ ನಂಬರ್. ಸುಮಾರು 50,000 ಜನ ತಳ್ಳಾಟವಿಲ್ಲದೆ ಒಳಗೆ ಹೋಗಿ ಕೂರುವುದಕ್ಕೆ ಮಾಡಿದ ವ್ಯವಸ್ಥೆ. ಅಮ್ಮ ಕಾಲುನೋವು ಮರೆತು ಅಂಕಿ ಓದುವುದಕ್ಕೆ ಶುರುಮಾಡಿದರು.

ಅಲ್ಲಿಂದ ಫೋರಂ ಕಡೆಗೆ ಹೊರಟರೆ ಟೈಟಸ್‌ನ ಕಮಾನು ಸಿಗುತ್ತದೆ. ನಾವಾಗಿಯೇ ಹೋಗಿದ್ದರೆ ಅದರ ಮುಂದೆ ಒಂದು ಫೋಟೋ ತೆಗೆದು ಮುಂದೆ ಹೋಗುತ್ತಿದ್ದೆವು. ಗೈಡ್ ‘ಒಳಬದಿಯ ಕೆತ್ತನೆ ನೋಡಿ’ ಅಂದರು. ಸೈನಿಕರು ಏಳು ಕವಲಿನ ದೊಡ್ಡ ದೀಪಸ್ತಂಭವನ್ನು ಹೊತ್ತು ನಡೆಯುತ್ತಿದ್ದಾರೆ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯವನ್ನು ಕೊಳ್ಳೆ ಹೊಡೆದು ತಂದದ್ದು ಅದು. ಅದೇ ಕೊಳ್ಳೆಯ ಹಣದಿಂದ ಕೊಲೊಸಿಯಂ ಕಟ್ಟಿದರು ಅಂತ ವಿದ್ವಾಂಸರು ಹೇಳುತ್ತಾರೆ. ಕಟ್ಟಿದ ಜಾಗ ಚಕ್ರವರ್ತಿ ನೀರೋ ತನ್ನ ಅರಮನೆಗೆ ಮಾಡಿಸಿಕೊಂಡಿದ್ದ ಕೆರೆ. ಆಮೇಲೆ ಚಕ್ರವರ್ತಿಯಾದ ವೆಸ್ಪೇಸಿಯನ್ ಆ ಜಾಗವನ್ನು ಜನರ ಮೋಜಿಗೆ ಬಿಟ್ಟುಕೊಟ್ಟ. ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ಉದ್ಘಾಟನೆ ಮಾಡಿದ. ಹಿಂದೆ ಕೊಲೊಸಿಯಂ, ಮುಂದೆ ಕಮಾನು. ಎರಡಕ್ಕೂ ಇರುವ ಸಂಬಂಧ ಐದು ನಿಮಿಷದಲ್ಲಿ ಗೊತ್ತಾಯಿತು. ಗೈಡ್ ಬೇಕಾಗುವುದು ಇಂಥ ಕಡೆ.

ಫೋರಂ ಅಂತೂ ಗೈಡ್ ಇಲ್ಲದಿದ್ದರೆ ಬರೀ ಮುರಿದ ಕಂಬಗಳು. ಒಂದು ಕಡೆ ತಗ್ಗಾದ ಮಾಡಿನ ಕೆಳಗೆ ಒಂದು ಮಣ್ಣಿನ ದಿಬ್ಬ ಇದೆ. ನೋಡಿದರೆ ಏನೂ ಅನ್ನಿಸುವುದಿಲ್ಲ. ಅದರ ಮೇಲೆ ಒಂದಿಷ್ಟು ಹೂವು ಬಿದ್ದಿತ್ತು. ಜೂಲಿಯಸ್ ಸೀಸರ್‌ನ ಶವ ಸುಟ್ಟ ಜಾಗ ಅದು. ಕ್ರಿ.ಪೂ. 44ರಲ್ಲಿ ಸತ್ತವನಿಗೆ ಜನ ಇವತ್ತಿಗೂ ಹೂವು ಇಟ್ಟು ಹೋಗುತ್ತಾರೆ. ಅಮ್ಮ ಎರಡು ನಿಮಿಷ ಅಲ್ಲೇ ನಿಂತರು. ಗುಂಪು ಮುಂದೆ ಹೋಗಿತ್ತು. ನಾನು ಓಡಿಹೋಗಿ ಕಾಯುವುದಕ್ಕೆ ಹೇಳಿ ಬಂದೆ.

ಹಾಗಾಗಿ ಬೆಳಿಗ್ಗೆಯ ಮೊದಲ ಸ್ಲಾಟ್ ಕೊಲೊಸಿಯಂ, ಫೋರಂಗೇ ಇಡಿ, ಕಾಲು ಗಟ್ಟಿಯಾಗಿರುವಾಗ. ಬುಕ್ ಮಾಡುವ ಮುಂಚೆ ವಿವರ ಸರಿಯಾಗಿ ಓದಿ. ಕೆಲವು ಟೂರ್‌ಗಳು ಕೊಲೊಸಿಯಂ ಒಳಗೆ ಕರೆದುಕೊಂಡೇ ಹೋಗುವುದಿಲ್ಲ, ಹೊರಗಿಂದ ತೋರಿಸುತ್ತವೆ. ಗುಂಪಿನಲ್ಲಿ ಹೆಚ್ಚೆಂದರೆ ಎಷ್ಟು ಜನ ಅಂತ ಕೇಳಿ. ಎರಡು ಭಾಷೆಯ ಟೂರ್ ಬೇಡ, ಅರ್ಧ ಹೊತ್ತು ಅರ್ಥವಾಗದ ಮಾತು ಕೇಳುತ್ತ ನಿಲ್ಲಬೇಕು. ‘ಕ್ಯೂ ಇಲ್ಲ’ ಅಂತ ಬರೆದಿದ್ದರೂ ಸೆಕ್ಯುರಿಟಿ ಕ್ಯೂ ಎಲ್ಲರಿಗೂ ಇದ್ದೇ ಇದೆ. ಟಿಕೆಟ್‌ನಲ್ಲಿ ಹೆಸರು ಇರುತ್ತದೆ, ಪಾಸ್‌ಪೋರ್ಟ್ ಹತ್ತಿರ ಇರಲಿ. ಅದೇ ಟಿಕೆಟ್‌ನಲ್ಲಿ ಪ್ಯಾಲಟೈನ್ ಗುಡ್ಡವೂ ಸೇರಿರುತ್ತದೆ. ಏರು ದಾರಿ, ಹಿರಿಯರಿದ್ದರೆ ಬಿಟ್ಟುಬಿಡಿ. ಇನ್ನು ಕೊಲೊಸಿಯಂ ಮುಂದೆ ಅಡ್ಡ ಬಂದು ಟೂರ್ ಮಾರುವವರ ಕಡೆ ನೋಡಲೇಬೇಡಿ.

ಮಧ್ಯಾಹ್ನದ ಮೇಲೆ ಪ್ಯಾಂಥಿಯನ್, ಹಳೇ ರೋಮನ್ ದೇವಾಲಯ. 2023ರ ಜುಲೈನಲ್ಲಿ ಅದಕ್ಕೆ 5 ಯೂರೋ ಟಿಕೆಟ್ ಶುರುಮಾಡಿದರು. ಇಲ್ಲಿ ಗೈಡ್ ಬೇಕಿಲ್ಲ, ತಲೆ ಎತ್ತಿದರೆ ಸಾಕು. ಗುಮ್ಮಟದ ಅಗಲ 43 ಮೀಟರ್ ಚಿಲ್ಲರೆ, ನೆಲದಿಂದ ಎತ್ತರವೂ ಅಷ್ಟೇ. ನೆತ್ತಿಯಲ್ಲಿ ತೆರೆದ ಕಿಂಡಿ. ಮಳೆ ಬಂದರೆ ನೀರು ಒಳಗೇ ಬೀಳುತ್ತದೆ, ನೆಲದ ತೂತುಗಳಲ್ಲಿ ಇಳಿದು ಹೋಗುತ್ತದೆ. ಅಲ್ಲಿಂದ ಟ್ರೆವಿ ಕಾರಂಜಿ ನಡೆದರೆ ಹತ್ತು ನಿಮಿಷ. ಸ್ಪ್ಯಾನಿಷ್ ಮೆಟ್ಟಿಲುಗಳಿಗೆ ಹೋದರೆ ದಣಿವಾಯಿತು ಅಂತ ಕೂರಬೇಡಿ, 2019ರಿಂದ ಅಲ್ಲಿ ಕೂತರೆ ದಂಡ.

ಹಳೇ ಊರಿನ ರಸ್ತೆ ಪೂರಾ ಸಣ್ಣ ಸಣ್ಣ ಕರಿಕಲ್ಲು, ಮೆತ್ತಗಿನ ಶೂ ಹಾಕಿಸಿ. ನೀರು ಕೊಳ್ಳುವುದು ಬೇಡ, ಖಾಲಿ ಬಾಟಲಿ ಇದ್ದರೆ ಸಾಕು. ಬೀದಿಬೀದಿಯಲ್ಲಿ ಸದಾ ಹರಿಯುವ ಕುಡಿಯುವ ನೀರಿನ ನಲ್ಲಿಗಳಿವೆ. ‘ನಸೋನಿ’ ಅನ್ನುತ್ತಾರೆ, ದೊಡ್ಡ ಮೂಗು ಅಂತ ಅರ್ಥ. ಮೂಗಿನ ತುದಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಾಯಿ ಕೊಟ್ಟು ಕುಡಿಯಬಹುದು. ಇದನ್ನು ಯಾವ ಗೈಡೂ ಹೇಳಿಕೊಡಲಿಲ್ಲ, ದಾರಿಯಲ್ಲಿ ಒಬ್ಬ ಹುಡುಗನನ್ನು ನೋಡಿ ಅಮ್ಮನೇ ಕಲಿತರು.

ವ್ಯಾಟಿಕನ್ ಪೂರ್ತಿ ಬಿಡುವುದಕ್ಕೆ ಮನಸ್ಸು ಬರುವುದಿಲ್ಲ, ಗೊತ್ತು. ಮ್ಯೂಸಿಯಂ ಬಿಡಿ. ಸೇಂಟ್ ಪೀಟರ್ಸ್ ಬೆಸಿಲಿಕಾಕ್ಕೆ ಮಾತ್ರ ಸಂಜೆ ಮುಂಚೆ ಟ್ಯಾಕ್ಸಿ ಮಾಡಿಕೊಂಡು ಹೋಗಿ. ಪ್ರವೇಶ ಉಚಿತ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಬೇಕು. ನಿಮ್ಮ ದಿನ ಯಾವ ವಾರ ಅಂತ ಬರೆದಿಲ್ಲ. ಬುಧವಾರ ಬೆಳಿಗ್ಗೆ ಸಾಮಾನ್ಯವಾಗಿ ಪೋಪ್ ದರ್ಶನ ಇರುತ್ತದೆ, ಚೌಕದ ತುಂಬ ಜನ. ಭಾನುವಾರವಾದರೆ ತಿಂಗಳ ಕೊನೆಯದ್ದನ್ನು ಬಿಟ್ಟು ಮ್ಯೂಸಿಯಂ ಹೇಗೂ ಮುಚ್ಚಿರುತ್ತದೆ, ಮನೆಯಲ್ಲಿ ವಾದ ಮಾಡುವ ಕಷ್ಟ ನಿಮಗೆ ತಪ್ಪುತ್ತದೆ.