ಪ್ರೋ ಬೌಲ್ ಪಟ್ಟಿ ಬಂದ ಕೂಡಲೇ ಟಿಕೆಟ್ ತೆಗೆಯಬಹುದೇ? ಯಾವ ಸೀಟು ಒಳ್ಳೆಯದು?

ಪಟ್ಟಿ ಬಂದ ಕೂಡಲೇ ದಯವಿಟ್ಟು ತೆಗೆಯಬೇಡಿ. ಪ್ರೋ ಬೌಲ್ ಎಂದರೆ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್ ತನ್ನ ತಾರೆಗಳನ್ನು ಸೇರಿಸಿ ವರ್ಷಕ್ಕೊಮ್ಮೆ ಆಡಿಸುವ ಪಂದ್ಯ, ಪಟ್ಟಿ ಎಂದರೆ ಅದಕ್ಕೆ ಆಯ್ಕೆಯಾದವರ ಹೆಸರುಗಳು. ಹನ್ನೊಂದು ವರ್ಷದ ಮಗನಿಗೆ ಎನ್‌ಎಫ್‌ಎಲ್‌ನ ಅತ್ಯುತ್ತಮರೆಲ್ಲ ಒಂದೇ ಮೈದಾನದಲ್ಲಿ ಸೆಣಸುವುದನ್ನು ತೋರಿಸಬೇಕು ಎಂದು ಬರೆದಿದ್ದೀರಿ. ನನ್ನ ಆಸೆಯೂ ಅದೇ ಆಗಿತ್ತು. 2024ರ ಜನವರಿ 3ರಂದು ಪಟ್ಟಿ ಪ್ರಕಟವಾಯಿತು. ಪ್ಯಾಟ್ರಿಕ್ ಮಹೋಮ್ಸ್, ಟ್ರಾವಿಸ್ ಕೆಲ್ಸಿ, ಕ್ರಿಶ್ಚಿಯನ್ ಮೆಕ್ಯಾಫ್ರಿ ಮೂವರ ಹೆಸರೂ ಇದ್ದವು. ಅವತ್ತು ರಾತ್ರಿಯೇ ಒರ್ಲ್ಯಾಂಡೊ ಪಂದ್ಯಕ್ಕೆ ನಾಲ್ಕು ಟಿಕೆಟ್, ಎರಡು ರಾತ್ರಿಯ ಹೋಟೆಲ್, ಎಲ್ಲವನ್ನೂ ಹಣ ವಾಪಸ್ ಸಿಗದ ದರದಲ್ಲಿ ತೆಗೆದೆ. ಫೆಬ್ರವರಿ 4ರಂದು ಮೈದಾನಕ್ಕೆ ಆ ಮೂವರಲ್ಲಿ ಒಬ್ಬರೂ ಇಳಿಯಲಿಲ್ಲ.

ಇದರಲ್ಲಿ ಯಾರ ಮೋಸವೂ ಇರಲಿಲ್ಲ. ಆ ಪಟ್ಟಿಯನ್ನು ನಾನು ಆಡುವ ತಂಡದ ಪಟ್ಟಿ ಎಂದು ಓದಿದ್ದೆ, ತಪ್ಪಾದದ್ದು ಅಲ್ಲಿ. ಅದು ರಾಜ್ಯೋತ್ಸವ ಪ್ರಶಸ್ತಿ ಪಟ್ಟಿಯಂಥದ್ದು, ಸನ್ಮಾನಿತರ ಹೆಸರುಗಳು. ಆಡುವವರು ಯಾರು ಎಂಬುದು ನಾಲ್ಕು ವಾರಗಳ ನಂತರ ತೀರ್ಮಾನವಾಗುತ್ತದೆ. ನೀವೂ ಇದೇ ಗುಂಡಿಗೆ ಬೀಳದಿರಲಿ ಎಂದು ಇದೊಂದನ್ನು ಬಿಡಿಸಿ ಹೇಳುತ್ತೇನೆ.

ಕ್ಯಾಲೆಂಡರ್ ನೋಡಿ. ಪಟ್ಟಿ ಬರುವುದು ಡಿಸೆಂಬರ್ ಕೊನೆಗೋ ಜನವರಿ ಮೊದಲ ವಾರದಲ್ಲೋ, ಅಂದರೆ ಲೀಗ್ ಹಂತ ಇನ್ನೂ ಮುಗಿದಿರದಾಗ. ಆಮೇಲೆ ಮೂರು ಸುತ್ತಿನ ಪ್ಲೇಆಫ್. ಮೂರನೆಯ ಸುತ್ತು, ಲೀಗಿನ ತಂಡಗಳು ಹಂಚಿಹೋಗಿರುವ ಎಎಫ್‌ಸಿ ಮತ್ತು ಎನ್‌ಎಫ್‌ಸಿ ಎಂಬ ಎರಡು ಬಣಗಳ ತಂತಮ್ಮ ಫೈನಲ್. ಪ್ರೋ ಬೌಲ್‌ನಲ್ಲಿ ಎದುರುಬದುರಾಗುವುದೂ ಈ ಎರಡು ಬಣಗಳ ತಾರೆಗಳೇ. ಆ ವರ್ಷ ಅದು ಜನವರಿ 28ಕ್ಕೆ ಬಿತ್ತು. ಕಾನ್ಸಾಸ್ ಸಿಟಿ ಚೀಫ್ಸ್ ಬಾಲ್ಟಿಮೋರ್ ರೇವನ್ಸ್ ತಂಡವನ್ನು 17-10ರಿಂದ, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಡೆಟ್ರಾಯಿಟ್ ಲಯನ್ಸ್ ತಂಡವನ್ನು 34-31ರಿಂದ ಸೋಲಿಸಿದವು. ಗೆದ್ದ ಎರಡೂ ತಂಡಗಳು ಫೆಬ್ರವರಿ 11ರ ಸೂಪರ್ ಬೌಲ್‌ಗೆ, ಅಂದರೆ ಲೀಗಿನ ಅಂತಿಮ ಪಂದ್ಯಕ್ಕೆ, ಹೋದವು. ಪ್ರೋ ಬೌಲ್ ಈ ಎರಡು ಭಾನುವಾರಗಳ ನಡುವಿನ ಭಾನುವಾರ. ಸೂಪರ್ ಬೌಲ್ ಆಡುವ ತಂಡದ ಯಾವ ಆಟಗಾರನೂ ಪ್ರೋ ಬೌಲ್ ಆಡುವುದಿಲ್ಲ. ಮಹೋಮ್ಸ್, ಕೆಲ್ಸಿ ಚೀಫ್ಸ್‌ನವರು. ಮೆಕ್ಯಾಫ್ರಿ ಫಾರ್ಟಿನೈನರ್ಸ್‌ನವರು. ಅಲ್ಲಿಗೆ ಮುಗಿಯಿತು.

ಹಿಂದೆ ಹೀಗಿರಲಿಲ್ಲ, ಹಳಬರ ಮಾತು ಕೇಳಿದರೆ ದಾರಿ ತಪ್ಪುವುದು ಅದಕ್ಕೇ. 1980ರಿಂದ 2009ರವರೆಗೆ ಪ್ರೋ ಬೌಲ್ ಹವಾಯಿಯ ಹೊನೊಲುಲುವಿನ ಅಲೋಹಾ ಸ್ಟೇಡಿಯಂನಲ್ಲಿ, ಸೂಪರ್ ಬೌಲ್ ಮುಗಿದ ಮುಂದಿನ ವಾರ ನಡೆಯುತ್ತಿತ್ತು. ಸೂಪರ್ ಬೌಲ್ ಆಡಿದವರಿಗೂ ಅಲ್ಲಿಗೆ ಹೋಗಲು ಅಡ್ಡಿಯಿರಲಿಲ್ಲ. 2010ರಲ್ಲಿ ಅದನ್ನು ಮಯಾಮಿಗೆ ತಂದು ಸೂಪರ್ ಬೌಲ್‌ಗೆ ಒಂದು ವಾರ ಮೊದಲು ಇಟ್ಟರು. ಆಮೇಲೆ ಊರು ಹಲವು ಸಲ ಬದಲಾಯಿತು, ಸೂಪರ್ ಬೌಲ್‌ಗಿಂತ ಮುಂಚೆ ಎಂಬ ಕ್ರಮ ಬದಲಾಗಲಿಲ್ಲ. ಇದರ ಪರಿಣಾಮ ಏನೆಂದರೆ, ನಿಮ್ಮ ಮಗ ಮೆಚ್ಚುವ ಆಟಗಾರನ ತಂಡ ಬಲವಾಗಿದ್ದಷ್ಟೂ ಆ ಆಟಗಾರ ಪ್ರೋ ಬೌಲ್‌ನಲ್ಲಿ ಕಾಣಿಸುವ ಸಾಧ್ಯತೆ ಕಡಿಮೆ. ನಾನು ಟಿಕೆಟ್ ತೆಗೆಯುವ ಮೂರು ದಿನ ಮೊದಲೇ, ಡಿಸೆಂಬರ್ 31ರಂದು, ಫಾರ್ಟಿನೈನರ್ಸ್ ಎನ್‌ಎಫ್‌ಸಿಯ ಒಂದನೆಯ ಶ್ರೇಯಾಂಕ ಖಚಿತಪಡಿಸಿಕೊಂಡಿತ್ತು. ಒಂದನೆಯ ಶ್ರೇಯಾಂಕದ ತಂಡಕ್ಕೆ ಮೊದಲ ಸುತ್ತು ಆಡಬೇಕಿಲ್ಲ, ತವರಿನಲ್ಲಿ ಎರಡು ಪಂದ್ಯ ಗೆದ್ದರೆ ಸೂಪರ್ ಬೌಲ್. ಈ ಲೆಕ್ಕ ಜನವರಿ 3ರಂದು ನನ್ನ ಕಣ್ಣೆದುರೇ ಇತ್ತು. ಹೆಸರು ನೋಡಿದೆ, ತಂಡದ ಸ್ಥಾನ ನೋಡಲಿಲ್ಲ.

ಇನ್ನೂ ಎರಡು ಸೋರಿಕೆಗಳಿವೆ. ಒಂದು ಗಾಯ. ಹದಿನೇಳು ಪಂದ್ಯ ಆಡಿದ ಮೈಯಲ್ಲಿ ಮಂಡಿಯೋ ಭುಜವೋ ಕೈಕೊಟ್ಟಿರುತ್ತದೆ, ಸೀಸನ್ ಮುಗಿದ ವಾರವೇ ಶಸ್ತ್ರಚಿಕಿತ್ಸೆಗೆ ಹೋಗುವವರಿದ್ದಾರೆ. ಇನ್ನೊಂದು, ಬರಲು ಮನಸ್ಸಿಲ್ಲದಿರುವುದು. ಟಾಮ್ ಬ್ರೇಡಿ 15 ಬಾರಿ ಆಯ್ಕೆಯಾದರು, ಅದು ದಾಖಲೆ. ಆಡಿದ್ದು ಬೆರಳೆಣಿಕೆಯಷ್ಟು. ಹೀಗೆ ಖಾಲಿಯಾದ ಜಾಗಕ್ಕೆ ಮತಗಳಿಕೆಯಲ್ಲಿ ಹಿಂದಿದ್ದ ಬದಲಿ ಆಟಗಾರರನ್ನು ಕರೆಯುತ್ತಾರೆ, ಅವರೂ ಒಲ್ಲೆ ಎಂದರೆ ಇನ್ನೂ ಕೆಳಗಿನವರನ್ನು. 2022ರ ಸೀಸನ್‌ನಲ್ಲಿ ಹೀಗೆ ಇಳಿಯುತ್ತ ಇಳಿಯುತ್ತ ಎಎಫ್‌ಸಿಯ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವವನ) ಸ್ಥಾನ ಟೈಲರ್ ಹಂಟ್ಲಿಗೆ ಬಂತು. ಲೀಗ್ ಹಂತದಲ್ಲಿ ಅವರು ನಾಲ್ಕು ಪಂದ್ಯಗಳಲ್ಲಿ ಮೊದಲಿಂದಲೇ ಕಣಕ್ಕಿಳಿದಿದ್ದರು, ಎಸೆದ ಟಚ್‌ಡೌನ್ ಪಾಸ್, ಅಂದರೆ ಅಂಕ ತಂದುಕೊಟ್ಟ ಪಾಸ್, ಎರಡು. ಅವರನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಕರೆದರು, ಬಂದರು, ಮನಸ್ಸಿಟ್ಟು ಆಡಿದರು. ನೀವು ಟಿಕೆಟ್‌ಗೆ ಕೊಡುವ ದುಡ್ಡು ಯಾರನ್ನು ನೋಡಲು ಎಂಬುದು ಗೊತ್ತಿರಲಿ ಎಂದಷ್ಟೇ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ, ಅದನ್ನು ನಾನು ಒಪ್ಪುವುದಿಲ್ಲ. ಅತ್ಯುತ್ತಮರ ಸೆಣಸಾಟ ನೋಡಲು ಪ್ರೋ ಬೌಲ್ ಸರಿಯಾದ ಜಾಗವಲ್ಲ. 1939ರ ಜನವರಿ 15ರಂದು ಲಾಸ್ ಏಂಜಲೀಸ್‌ನ ರಿಗ್ಲಿ ಫೀಲ್ಡ್‌ನಲ್ಲಿ ಚಾಂಪಿಯನ್ ನ್ಯೂಯಾರ್ಕ್ ಜೈಂಟ್ಸ್ ತಂಡವು ಉಳಿದ ತಂಡಗಳಿಂದ ಆರಿಸಿದ ತಾರೆಗಳ ವಿರುದ್ಧ 13-10ರಿಂದ ಗೆದ್ದಾಗ ಅದು ನಿಜವಾದ ಫುಟ್‌ಬಾಲೇ. ಕಾಲ ಕಳೆದಂತೆ ಗಾಯದ ಭಯ ಆಟವನ್ನು ಕೊರೆಯುತ್ತ ಬಂತು. ರಕ್ಷಕರು ಬ್ಲಿಟ್ಜ್ ಮಾಡುವಂತಿಲ್ಲ (ಹೆಚ್ಚುವರಿ ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವಂತಿಲ್ಲ), ಪಂಟ್ (ಚೆಂಡನ್ನು ಎದುರಾಳಿಗೆ ದೂರ ಒದ್ದು ಬಿಡುವುದು) ಒದೆಯುವವನ ಮೇಲೆ ನುಗ್ಗುವಂತಿಲ್ಲ ಎಂಬ ನಿಯಮಗಳಿದ್ದವು. 2014ರಲ್ಲಿ ಆಟ ಶುರುಮಾಡುವ ಒದೆತವಾದ ಕಿಕಾಫ್ ಕೂಡ ತೆಗೆದರು. 2012ರಲ್ಲಿ ಹೊನೊಲುಲುವಿನ ಪಂದ್ಯ 59-41ರಲ್ಲಿ ಮುಗಿದಾಗ ಮುಂಚೂಣಿಯಲ್ಲಿ ಗುದ್ದಾಡಬೇಕಾದ ಲೈನ್‌ಮನ್‌ಗಳು ಒಬ್ಬರನ್ನೊಬ್ಬರು ಮುಟ್ಟಿ ನಿಂತದ್ದನ್ನು ಕಂಡು ಪ್ರೇಕ್ಷಕರೇ ಛೀಮಾರಿ ಹಾಕಿದರು. ಎದುರಾಳಿಯನ್ನು ಹಿಡಿದು ಕೆಡವಿ ಆಡುವ ಕೊನೆಯ ಟ್ಯಾಕಲ್ ಪಂದ್ಯ 2022ರಲ್ಲಿ ಲಾಸ್ ವೇಗಸ್‌ನಲ್ಲಿ, ಎಎಫ್‌ಸಿ 41, ಎನ್‌ಎಫ್‌ಸಿ 35.

ಆಟಗಾರರನ್ನು ದೂರಿ ಪ್ರಯೋಜನವಿಲ್ಲ. 2024ರಲ್ಲಿ ಗೆದ್ದ ಬಣದ ಪ್ರತಿ ಆಟಗಾರನಿಗೆ 88,000 ಡಾಲರ್, ಸೋತವರಿಗೆ 44,000. ಕೋಟಿಗಟ್ಟಲೆ ಡಾಲರ್ ಒಪ್ಪಂದ ಇರುವವರು ಆ ವ್ಯತ್ಯಾಸಕ್ಕಾಗಿ ಮಂಡಿಯನ್ನು ಪಣಕ್ಕಿಡಬೇಕೇ? ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ರಾಬರ್ಟ್ ಎಡ್ವರ್ಡ್ಸ್ 1999ರಲ್ಲಿ, ತಮ್ಮ ಮೊದಲ ಸೀಸನ್ ಮುಗಿಸಿ, ಪ್ರೋ ಬೌಲ್ ವಾರದಲ್ಲಿ ವೈಕಿಕಿ ಕಡಲತೀರದ ಮರಳಿನಲ್ಲಿ, ಕೆಡವುವ ಬದಲು ಸೊಂಟದ ಬಾವುಟ ಕೀಳುವ ಫ್ಲ್ಯಾಗ್ ಫುಟ್‌ಬಾಲ್ ಆಡುವಾಗ ಮಂಡಿ ಮುರಿದುಕೊಂಡರು. ಕಾಲನ್ನೇ ಕತ್ತರಿಸಬೇಕಾದೀತು ಎಂಬ ಸ್ಥಿತಿ. ಮತ್ತೆ ಲೀಗ್ ಪಂದ್ಯ ಆಡಿದ್ದು 2002ರಲ್ಲಿ. ಸಿನ್ಸಿನಾಟಿ ಬೆಂಗಲ್ಸ್‌ನ ಟೈಲರ್ ಐಫರ್ಟ್ 2016ರ ಪ್ರೋ ಬೌಲ್‌ನಲ್ಲಿ ಕಣಕಾಲಿಗೆ ಪೆಟ್ಟು ಮಾಡಿಕೊಂಡು, ಶಸ್ತ್ರಚಿಕಿತ್ಸೆಯಾಗಿ, ಮುಂದಿನ ಸೀಸನ್‌ನ ಆರಂಭವನ್ನೇ ಕಳೆದುಕೊಂಡರು.

2023ರಿಂದ ಅದರ ಹೆಸರು ಪ್ರೋ ಬೌಲ್ ಗೇಮ್ಸ್. ಹೆಲ್ಮೆಟ್ ಇಲ್ಲ, ಟ್ಯಾಕಲ್ ಇಲ್ಲ. ಬಣಕ್ಕೆ ಏಳು ಮಂದಿ. ಮೈದಾನದ ಉದ್ದ 50 ಗಜ, ಎರಡೂ ಕಡೆ 10 ಗಜದ ಎಂಡ್ ಝೋನ್, ಅಂದರೆ ಅಂಕ ಗಳಿಸುವ ಜಾಗ. ಚೆಂಡು ಹಿಡಿದವನ ಸೊಂಟದ ಪಟ್ಟಿಯಿಂದ ಬಾವುಟ ಕಿತ್ತರೆ ಆ ಡೌನ್, ಅಂದರೆ ಆ ಸರದಿಯ ಆಟ, ಮುಗಿಯಿತು. ಒದೆತದ ಆಟವೇ ಇಲ್ಲ. ಟಚ್‌ಡೌನ್‌ಗೆ 6 ಅಂಕ, ನಂತರ 5 ಗಜದಿಂದ ಆಡಿದರೆ 1, 10 ಗಜದಿಂದ ಆಡಿದರೆ 2. 2025ರವರೆಗೆ ಇದರ ಜೊತೆಗೆ ನಿಖರ ಪಾಸ್, ಅತ್ಯುತ್ತಮ ಕ್ಯಾಚ್, ಡಾಡ್ಜ್‌ಬಾಲ್, ಹಗ್ಗಜಗ್ಗಾಟ ಇಂಥ ಕೌಶಲ ಸ್ಪರ್ಧೆಗಳಿದ್ದವು, ಮುಖ್ಯ ಭಾಗ ಗುರುವಾರವೇ ಮುಗಿದಿರುತ್ತಿತ್ತು. ಅಲ್ಲಿ ಗಳಿಸಿದ ಅಂಕಗಳು ಭಾನುವಾರದ ಫ್ಲ್ಯಾಗ್ ಪಂದ್ಯಕ್ಕೆ ಸೇರುತ್ತಿದ್ದವು. 2024ರ ಅಂತಿಮ ಸ್ಕೋರ್ 64-59 ಎಂಬುದು ಹಾಗೆ ಕೂಡಿಸಿದ ಮೊತ್ತ. ಇದು ಗೊತ್ತಿಲ್ಲದೆ ಹೋದವರಿಗೆ ಭಾನುವಾರ ಸ್ಕೋರ್‌ಬೋರ್ಡ್ ನೋಡಿ ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರವಿರುತ್ತಿರಲಿಲ್ಲ.

ಒಂದು ಬಣಕ್ಕೆ 44 ಆಟಗಾರರು. ದಾಳಿ ಪಡೆಯ 21 ಜನರಲ್ಲಿ ಟ್ಯಾಕಲ್ (ಇಲ್ಲಿ ಇದು ಒಂದು ಸ್ಥಾನದ ಹೆಸರು) ಮೂವರು, ಗಾರ್ಡ್ ಮೂವರು, ಸೆಂಟರ್ ಇಬ್ಬರು, ಒಟ್ಟು ಎಂಟು ಲೈನ್‌ಮನ್‌ಗಳು. ಎದುರಾಳಿಯನ್ನು ತಡೆದು ನಿಲ್ಲಿಸುವುದೇ ಇವರ ಕಸುಬು, ಫ್ಲ್ಯಾಗ್‌ನಲ್ಲಿ ತಡೆಯುವುದೇ ನಿಷಿದ್ಧ. ಲೀಗಿನಲ್ಲಿ ಅತಿ ಕಷ್ಟದ ಕೆಲಸ ಮಾಡುವವರಿಗೆ ತಮ್ಮ ಸನ್ಮಾನದ ದಿನ ತಮ್ಮ ವಿದ್ಯೆ ತೋರಿಸಲು ಜಾಗವಿಲ್ಲ. ನನಗೆ ಇದು ಇಡೀ ಏರ್ಪಾಟಿನ ದೊಡ್ಡ ಕೊರತೆ ಎನಿಸುತ್ತದೆ. ನಿಮ್ಮ ಮಗ ಲೈನ್‌ಮನ್ ಅಭಿಮಾನಿಯಾದರೆ ಪ್ರೋ ಬೌಲ್ ಬಿಟ್ಟೇ ಬಿಡಿ.

ಆ ಆಯ್ಕೆಗೆ ಬೆಲೆಯೇ ಇಲ್ಲವೆಂದಲ್ಲ. ಅಭಿಮಾನಿಗಳು, ಆಟಗಾರರು, ಕೋಚ್‌ಗಳು, ಮೂರು ಗುಂಪಿನ ಮತಕ್ಕೂ ಮೂರನೇ ಒಂದರಷ್ಟು ತೂಕ. ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗ ಮೊದಲ ಮೂರು ಸೀಸನ್‌ನಲ್ಲಿ ಎರಡು ಸಲ ಪ್ರೋ ಬೌಲ್‌ಗೆ ಆರಿಸಲ್ಪಟ್ಟರೆ ಅವನ ಐದನೆಯ ವರ್ಷದ ಸಂಬಳ ಫ್ರಾಂಚೈಸ್ ಟ್ಯಾಗ್ ಮಟ್ಟಕ್ಕೆ, ಅಂದರೆ ಅವನ ಸ್ಥಾನದ ಅತಿ ಹೆಚ್ಚು ಸಂಬಳದವರ ಸಾಲಿಗೆ, ಏರುತ್ತದೆ, ಒಂದು ಸಲವಾದರೆ ಅದಕ್ಕಿಂತ ಕೆಳಗಿನ ಟ್ರಾನ್ಸಿಷನ್ ಟ್ಯಾಗ್ ಮಟ್ಟಕ್ಕೆ. ಮೊದಲ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಇದು. ಬದಲಿಯಾಗಿ ಬಂದವರಿಗೆ ಲೆಕ್ಕಕ್ಕಿಲ್ಲ. ಆಟಗಾರನಿಗೆ ಪಟ್ಟಿ ಮುಖ್ಯ, ಪಂದ್ಯ ಅಲ್ಲ. ಪ್ರೇಕ್ಷಕರಾಗಿ ನಾವು ಅದನ್ನು ತಿರುವುಮುರುವಾಗಿ ಓದುತ್ತೇವೆ.

ಸೀಟಿನ ವಿಚಾರ. ದೊಡ್ಡ ಸ್ಟೇಡಿಯಂನಲ್ಲಿ ಇಟ್ಟರೆ, 100 ಗಜದ ಜಾಗದಲ್ಲಿ 50 ಗಜದ ಆಟ ನಡೆಯುತ್ತದೆ ಎಂಬುದನ್ನು ಮರೆಯಬೇಡಿ. ಮೂಲೆಯ ಮೇಲಂತಸ್ತಿನಿಂದ ಬಾವುಟ ಕಿತ್ತದ್ದು ಕಾಣುವುದೇ ಇಲ್ಲ. ಉದ್ದದ ಬದಿಯಲ್ಲಿ, ಕೆಳ ಅಂತಸ್ತಿನಲ್ಲಿ, ಹತ್ತರಿಂದ ಇಪ್ಪತ್ತನೆಯ ಸಾಲು ನೋಡಿ. ತೀರ ಮುಂದಿನ ಸಾಲಿಗೆ ಬದಿಯಲ್ಲಿ ನಿಂತ ಆಟಗಾರರು, ಕ್ಯಾಮೆರಾದವರು ಅಡ್ಡ ಬರುತ್ತಾರೆ. ಆದರೆ ಅದಕ್ಕಿಂತ ಮೊದಲು ಸ್ಥಳ ನೋಡಿ. 2026ರಲ್ಲಿ ಸ್ಟೇಡಿಯಂ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊದ ಮಾಸ್ಕೋನಿ ಸೆಂಟರ್ ಎಂಬ ಸಮ್ಮೇಳನ ಭವನದೊಳಗೆ, ಸೂಪರ್ ಬೌಲ್ ವಾರದ ಮಂಗಳವಾರ, ಫೆಬ್ರವರಿ 3ಕ್ಕೆ ಇಟ್ಟರು. ವಾರದ ನಡುವೆ ಬಿದ್ದರೆ ಮಗನ ಶಾಲೆಯ ರಜೆಯೂ ಲೆಕ್ಕಕ್ಕೆ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಹೋಗಲೇಬೇಕೆಂದರೆ, ಫ್ಲ್ಯಾಗ್ ಫುಟ್‌ಬಾಲ್ ನೋಡಲೆಂದೇ ಹೋಗಿ, ಅದು ಒಳ್ಳೆಯ ಕಾರಣ. ಬಾವುಟ ಕೀಳಬೇಕಾದವನ ಕಣ್ಣು ಎದುರಾಳಿಯ ಸೊಂಟದ ಮೇಲಿರುತ್ತದೆ, ಕಾಲು ಮೋಸ ಮಾಡಬಹುದು, ಸೊಂಟ ಮಾಡುವುದಿಲ್ಲ. ಕಬಡ್ಡಿ ಆಡಿದ ಯಾರಿಗಾದರೂ ಇದು ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಚೆಂಡು ನೆಲಕ್ಕೆ ಬಿದ್ದರೆ ಆಟ ಅಲ್ಲಿಗೆ ನಿಂತಿತು, ಬಿದ್ದ ಚೆಂಡಿಗೆ ಮುಗಿಬೀಳುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಮುಂಬಯಿಯಲ್ಲಿ ಸೇರಿದ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲೇ, ಕ್ರಿಕೆಟ್ಟಿನ ಜೊತೆ, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಇದನ್ನು ಸೇರಿಸಿದ್ದು. ಅಲ್ಲಿ ಬಣಕ್ಕೆ ಐವರು. 2025ರ ಮೇನಲ್ಲಿ ಎನ್‌ಎಫ್‌ಎಲ್ ತಂಡಗಳ ಮಾಲೀಕರು ತಮ್ಮ ಆಟಗಾರರು ಅದರಲ್ಲಿ ಆಡಲು ಒಪ್ಪಿಗೆ ಕೊಟ್ಟರು, ಒಂದು ದೇಶದ ತಂಡಕ್ಕೆ ಒಂದು ಎನ್‌ಎಫ್‌ಎಲ್ ತಂಡದಿಂದ ಒಬ್ಬರು ಮಾತ್ರ.

ಆದರೆ ನೆಚ್ಚಿನ ಆಟಗಾರನನ್ನು ಹತ್ತಿರದಿಂದ ನೋಡುವುದೇ ಆಸೆಯಾದರೆ ಜುಲೈ ಕೊನೆ, ಆಗಸ್ಟ್ ಮೊದಲ ವಾರಗಳ ತರಬೇತಿ ಶಿಬಿರಕ್ಕೆ ಕರೆದುಕೊಂಡು ಹೋಗಿ. ಹಲವು ತಂಡಗಳು ಕೆಲವು ದಿನ ಅಭ್ಯಾಸವನ್ನು ಉಚಿತವಾಗಿ ತೋರಿಸುತ್ತವೆ, ಮೊದಲೇ ಹೆಸರು ನೋಂದಾಯಿಸಿರಬೇಕು ಅಷ್ಟೇ. ಬೇಲಿಯ ಆಚೆ ಇಪ್ಪತ್ತು ಅಡಿ ದೂರದಲ್ಲಿ ಆಟಗಾರ ಇರುತ್ತಾನೆ, ಲೈನ್‌ಮನ್‌ಗಳು ನಿಜವಾಗಿ ಗುದ್ದಾಡುತ್ತಾರೆ, ಅಭ್ಯಾಸ ಮುಗಿದ ಮೇಲೆ ಮಕ್ಕಳಿಗೆ ಸಹಿ ಹಾಕಿಕೊಡುವವರೂ ಉಂಟು. ಟೋಪಿ, ನೀರು, ದಪ್ಪ ತುದಿಯ ಮಾರ್ಕರ್ ಪೆನ್ ಇರಲಿ. ಸೆಣಸಾಟವೇ ಬೇಕೆಂದರೆ ಅಕ್ಟೋಬರ್‌ನ ಯಾವುದಾದರೂ ಲೀಗ್ ಪಂದ್ಯ.

ಪ್ರೋ ಬೌಲ್‌ಗೇ ಎಂದರೆ ಹೀಗೆ ಮಾಡಿ. ಸ್ಥಳ ಪ್ರಕಟವಾದ ದಿನವೇ ಹೋಟೆಲ್ ಹಿಡಿದಿಡಿ, ರದ್ದು ಮಾಡಿದರೆ ಪೂರ್ತಿ ಹಣ ಬರುವ ದರದಲ್ಲಿ ಮಾತ್ರ. ಟಿಕೆಟ್ ಮುಟ್ಟಬೇಡಿ. ಎರಡೂ ಬಣಗಳ ಫೈನಲ್ ಮುಗಿದ ಮರುದಿನ, ಸೋಮವಾರ, ಪಟ್ಟಿ ತೆಗೆದು ಗೆದ್ದ ಎರಡು ತಂಡಗಳವರ ಹೆಸರಿಗೆ ಗೆರೆ ಎಳೆಯಿರಿ. ಮಂಗಳವಾರ, ಬುಧವಾರ ಒಂದೊಂದಾಗಿ ಬದಲಿಗಳ ಸುದ್ದಿ ಬರುತ್ತದೆ, ಆಯಾ ತಂಡದ ಅಧಿಕೃತ ಪುಟದಲ್ಲಿ ನೋಡಿ. ಮಗನ ಆಟಗಾರನ ಹೆಸರು ಬುಧವಾರ ರಾತ್ರಿಯೂ ಉಳಿದಿದ್ದರೆ ಆಗ ಟಿಕೆಟ್ ತೆಗೆಯಿರಿ. ಪಂದ್ಯ ಮಂಗಳವಾರವೇ ಇರುವ ವರ್ಷ, ಅದರ ಹಿಂದಿನ ಶುಕ್ರವಾರ ಇದೇ ಪರೀಕ್ಷೆ ಮಾಡಿ.