ಕತ್ತಿಯ ಕಲೆ ಅಂತಾರಲ್ಲ, ಅರ್ನಿಸ್ ಕಲಿಯೋಕೆ ಕತ್ತಿಯಿಂದಲೇ ಶುರು ಮಾಡಬೇಕಾ?

ಬೇಡ, ಬೆತ್ತ ಸಾಕು. ಅರ್ನಿಸ್, ಎಸ್ಕ್ರಿಮಾ, ಕಾಲಿ ಅಂತ ಹೆಸರು ಮೂರು. ಫಿಲಿಪೀನ್ಸ್‌ನ ಕಲೆ ಹೆಚ್ಚುಕಡಿಮೆ ಒಂದೇ. 2009ರಲ್ಲಿ ಅಲ್ಲಿ ಕಾನೂನು ಮಾಡಿ ಅರ್ನಿಸನ್ನು ರಾಷ್ಟ್ರೀಯ ಸಮರಕಲೆ ಎಂದು ಘೋಷಿಸಿದರು.

28 ಇಂಚು ಉದ್ದದ, ಸುಮಾರು ಒಂದಿಂಚು ದಪ್ಪದ ಎರಡು ಬೆತ್ತ ತಗೊಳ್ಳಿ. ಬಿದಿರು ಬೇಡವೇ ಬೇಡ: ಪೆಟ್ಟು ಬಿದ್ದರೆ ಸೀಳಿ ಚೂರು ಹಾರುತ್ತದೆ. ಬೆತ್ತವಾದರೆ ನಾರುನಾರಾಗಿ ಜಜ್ಜಿಹೋಗುತ್ತದೆ ಅಷ್ಟೇ. ಜೋಡಿ ಅಭ್ಯಾಸಕ್ಕೆ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ.

ಹಿಡಿತದಲ್ಲಿ ಕೆಳತುದಿ ಮೂರ್ನಾಲ್ಕು ಬೆರಳಷ್ಟು ಹೊರಗಿರಲಿ, ಹೆಬ್ಬೆರಳು ಸುತ್ತಿಕೊಂಡಿರಲಿ. ಬೆರಳುಗಳ ನಡುಗಿಣ್ಣಿನ ನೇರಕ್ಕೆ ಅಲಗಿದೆ ಅಂದುಕೊಳ್ಳಿ. ಬೀಸುವಾಗ ಆ ಗಿಣ್ಣುಗಳೇ ಮುಂದಿರಬೇಕು. ಹೊಸಬರು ಎಡವೋದು ಇಲ್ಲೇ. ಬೆತ್ತ ದುಂಡಗಿರುವುದರಿಂದ ತಪ್ಪು ಗೊತ್ತೇ ಆಗಲ್ಲ, ಆಮೇಲೆ ಮರದ ಕತ್ತಿ ಹಿಡಿದಾಗ ಚಪ್ಪಟೆ ಬದಿಯಿಂದ ಹೊಡೆಯುತ್ತಾರೆ. ಆಗಾಗ ಒಂದು ಚಪ್ಪಟೆ ಮರದ ಪಟ್ಟಿ ಬೀಸಿ ನೋಡಿ. ನೇರವಿದ್ದರೆ ಗಾಳಿ ಸೀಳುತ್ತದೆ, ಓರೆಯಾದರೆ ಮುಷ್ಟಿಯೊಳಗೇ ತಿರುಚಿಕೊಳ್ಳುತ್ತದೆ.

ಹಲವು ಪದ್ಧತಿಗಳಲ್ಲಿ ಹೊಡೆತದ ಕೋನಗಳು 12. ಮೊದಲ ತಿಂಗಳು ಐದೇ ಸಾಕು, ನಿಧಾನವಾಗಿ. ಒಂಟಿ ಬೆತ್ತ ಬೀಸುವಾಗ ಖಾಲಿ ಕೈಯನ್ನು ಸೊಂಟದ ಬಳಿ ನೇತುಬಿಡಬೇಡಿ, ಎದೆಯ ಮುಂದಿಡಿ. ಎದುರಾಳಿಯ ಕೈ ತಡೆಯೋದು, ಹಿಡಿಯೋದು ಅದರ ಕೆಲಸ. ಎರಡೂ ಕೈಯಲ್ಲಿ ಬೆತ್ತ ಹಿಡಿದು ಬೀಸುವ ಸಿನಾವಾಲಿ ಅಭ್ಯಾಸ ನೋಡೋಕೆ ಚೆಂದ, ಎಲ್ಲರಿಗೂ ಅದೇ ಮೊದಲು ಬೇಕು. ಆ ಹೆಸರು ಬಂದದ್ದು ‘ಸವಾಲಿ’ಯಿಂದ, ಅಂದರೆ ಹೆಣೆದ ಬಿದಿರಿನ ತಟ್ಟಿ. ಎರಡೂ ಕೈ ಹಾಗೆ ಹೆಣೆಯಬೇಕಾದರೆ ಒಂಟಿ ಬೆತ್ತದ ಹೊಡೆತ ಮೊದಲು ನೆಟ್ಟಗಾಗಬೇಕು.